ಉಣುಗಿನ ಜ್ವರವಲ್ಲ, ಈರುಳ್ಳಿ: ಹೊಸನಗರ ಕಡೆಯ ಒಂದು ನಾಯಿಯ ಪ್ರಕರಣ

ಕೆಂಚ ನಾಟಿ ನಾಯಿ. ಗಂಡು, ಐದು ವರ್ಷ ಪ್ರಾಯ, ತೂಕ 12 ಕಿಲೋ. ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ ಹುಟ್ಟಿ ಅಲ್ಲಿಯೇ ಬೆಳೆದದ್ದು. ಹಗಲು ತೋಟಕ್ಕೆ ಇಳಿಯುವ ಮಂಗಗಳನ್ನು ಅಟ್ಟುವುದು, ರಾತ್ರಿ ಅಂಗಳ ಕಾಯುವುದು ಅದರ ಕೆಲಸ. ರೇಬಿಸ್ ಲಸಿಕೆ ಪ್ರತಿವರ್ಷ ಆಗಿದೆ. ಉಳಿದವು ಮರಿಯಾಗಿದ್ದಾಗ ಹಾಕಿಸಿದ್ದಷ್ಟೇ. ಮೃಗಶಿರಾ ಮಳೆ ಹಿಡಿದ ವಾರ ಮನೆಯವರು ಅದನ್ನು ಜೀಪಿನ ಹಿಂದೆ ಗೋಣಿಯ ಮೇಲೆ ಮಲಗಿಸಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಎರಡು ದಿನದಿಂದ ಊಟ ಬಿಟ್ಟಿದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತದೆ, ಅಂದು ಬೆಳಗ್ಗೆ ಹೊಯ್ದ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣದ್ದು.

ಕಾಯಿಲೆಯ ಹೆಸರನ್ನೂ ಅವರು ಜೊತೆಯಲ್ಲೇ ತಂದಿದ್ದರು. "ಉಣುಗಿನ ಜ್ವರ ಡಾಕ್ಟರೇ, ಅದರ ಇಂಜೆಕ್ಷನ್ ಕೊಟ್ಟುಬಿಡಿ" ಎಂದರು ಯಜಮಾನರು.

ಅವರ ಊಹೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ಈ ಸೀಮೆಯವರಿಗೆ ಉಣುಗು ಎಂದರೆ ಮನುಷ್ಯರ ಸಾವಿನ ಲೆಕ್ಕ. ನಾಯಿಗೆ ಬರುವ ಉಣುಗಿನ ಜ್ವರ ಅದಲ್ಲ. ನಾಯಿಯ ಉಣುಗು ಬಬೇಸಿಯಾ, ಎರ್ಲಿಕಿಯಾ ಎಂಬ ಬೇರೆ ಜೀವಿಗಳನ್ನು ಹೊತ್ತು ತರುತ್ತದೆ. ಇವುಗಳಲ್ಲಿ ಬಬೇಸಿಯಾ ಕೆಂಪು ರಕ್ತಕಣದ ಒಳಹೊಕ್ಕು ಅದನ್ನು ಒಡೆಯುವುದರಿಂದ ಒಸಡು ಬಿಳಿಚುವುದು, ಸುಸ್ತು, ಕಪ್ಪು ಮೂತ್ರ ಎಲ್ಲವೂ ಅದರಲ್ಲೂ ಬರುತ್ತವೆ. ಮಲೆನಾಡಿನಲ್ಲಿ ಇಂಥ ಹತ್ತು ನಾಯಿಗಳನ್ನು ನೋಡಿದರೆ ಹೆಚ್ಚಿನವು ಉಣುಗಿನವೇ. ಆದರೆ ಬಬೇಸಿಯಾಕ್ಕೆ ಕೊಡುವ ಆ ಇಂಜೆಕ್ಷನ್‌ನಲ್ಲಿ ಗುಣ ಮಾಡುವ ಪ್ರಮಾಣಕ್ಕೂ ಹಾನಿ ಮಾಡುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ರಕ್ತ ನೋಡದೆ ಅದನ್ನು ಚುಚ್ಚುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಪರೀಕ್ಷೆಯಲ್ಲಿ ಕಂಡದ್ದು ಹೀಗೆ. ಒಸಡು, ಕಣ್ಣಿನ ಒಳಪೊರೆ ಎರಡೂ ಬಿಳಿಚಿದ್ದವು. ಕಣ್ಣಿನ ಬಿಳಿಭಾಗದಲ್ಲಿ ಹಳದಿ ಛಾಯೆ ಇತ್ತು. ಎದೆಬಡಿತ ನಿಮಿಷಕ್ಕೆ 160. ಬೆರಳ ಸಂದಿಯಲ್ಲೂ ಕಿವಿಯೊಳಗೂ ಉಣುಗುಗಳಿದ್ದವು. ಜ್ವರ ಮಾತ್ರ ಇರಲಿಲ್ಲ: 101.4 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ ಉಷ್ಣತೆ. ಹೊಟ್ಟೆ ಒತ್ತಿ ನೋಡಿದರೆ, ಹಳೆಯ ರಕ್ತಕಣಗಳನ್ನು ಸೋಸುವ ಅಂಗವಾದ ಗುಲ್ಮ ಊದಿದಂತೆ ತೋರಲಿಲ್ಲ. ಬಬೇಸಿಯಾ ಇಷ್ಟು ರಕ್ತ ಒಡೆದ ಹೊತ್ತಿಗೆ ಈ ಎರಡರಲ್ಲಿ ಒಂದಾದರೂ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ.

ಹಾಗಾದರೆ ಇನ್ನೇನು? ಮಳೆಗಾಲದ ಮಲೆನಾಡಿನಲ್ಲಿ ಕಪ್ಪು ಮೂತ್ರಕ್ಕೆ ಕಾರಣಗಳ ಬರವಿಲ್ಲ. ಇಲಿ ಜ್ವರ ಇರಬಹುದು. ಇಲಿ ಮೂತ್ರ ಬೆರೆತ ನೀರಿನಿಂದ ಬರುವ ಅದು ಮನುಷ್ಯರಿಗೂ ಅಂಟುತ್ತದೆ, ಹಾಗಾಗಿ ಕೈಗವಸು ತೊಡದೆ ಆ ಮೂತ್ರ ಮುಟ್ಟುವಂತಿಲ್ಲ. ಕೊಳಕುಮಂಡಲ ಕಚ್ಚಿರಬಹುದು, ಆದರೆ ಮೈಮೇಲೆ ಎಲ್ಲಿಯೂ ಊತವಿರಲಿಲ್ಲ. ಉಗ್ರಾಣದಲ್ಲಿಟ್ಟ ಇಲಿ ಪಾಷಾಣ ತಿಂದಿರಬಹುದು. ಇನ್ನೊಂದು ಶಂಕೆ ಅಡಿಕೆ ಸೀಮೆಯವರಿಗಷ್ಟೇ ಹೊಳೆಯುವಂಥದ್ದು: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ ಅದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕದಡಿದ ಬೋರ್ಡೋ ದ್ರಾವಣದ ಡ್ರಮ್ಮು ಪ್ರತಿ ಮನೆಯ ಅಂಗಳದಲ್ಲೂ ನಿಂತಿರುತ್ತದೆ. ತಾಮ್ರ ಹೆಚ್ಚು ಒಳಹೋದರೆ ಅದೂ ಕೆಂಪು ಕಣಗಳನ್ನು ಒಡೆಯಬಲ್ಲದು. ಕೇಳಿದೆ. ಅವರ ಮನೆಯಲ್ಲಿ ಮೈಲುತುತ್ತದ ಚೀಲವನ್ನು ಇನ್ನೂ ಬಿಚ್ಚಿರಲಿಲ್ಲ.

ಮೊದಲು ಮೂತ್ರ. ಗಾಜಿನ ನಳಿಗೆಗೆ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದೆ. ಮೂತ್ರಕೋಶದಲ್ಲೋ ದಾರಿಯಲ್ಲೋ ರಕ್ತ ಸೋರುತ್ತಿದ್ದರೆ ಕಣಗಳು ತಳ ಸೇರಿ ಮೇಲಿನ ದ್ರವ ತಿಳಿಯಾಗಬೇಕು. ಇಲ್ಲಿ ತಳದಲ್ಲಿ ಏನೂ ಕೂರಲಿಲ್ಲ, ಮೇಲಿನದು ಕಂದುಗೆಂಪಾಗಿಯೇ ಉಳಿಯಿತು. ಅಂದರೆ ಕಣಗಳು ರಕ್ತನಾಳದ ಒಳಗೇ ಒಡೆದು, ಅವುಗಳ ಹಿಮೋಗ್ಲೋಬಿನ್ ಮೂತ್ರಕ್ಕೆ ಇಳಿಯುತ್ತಿದೆ.

ಆಮೇಲೆ ರಕ್ತ. ನಾಯಿಯ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇ 37ರಿಂದ 55 ಇರಬೇಕು. ಕೆಂಚನದು ಶೇ 19. ಗಾಜಿನ ಮೇಲೆ ತೆಳ್ಳಗೆ ಹರಡಿದ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಪ್ಲೇಟ್‌ಲೆಟ್‌ಗಳು ಸಾಕಷ್ಟಿದ್ದವು. ಉಣುಗಿನ ಜ್ವರಗಳಲ್ಲಿ ಮೊದಲು ಕುಸಿಯುವುದೇ ಅವು. ಕಣಗಳ ಒಳಗೆ ಪರಾವಲಂಬಿ ಕಾಣಲಿಲ್ಲ. ಬದಲಿಗೆ ಕಣದಿಂದ ಕಣಕ್ಕೆ ಅಂಚಿನಲ್ಲಿ ಒಂದೊಂದು ಮಸುಕಾದ ಗುಬಟು ಹೊರಚಾಚಿತ್ತು. ಹೊಸ ಲೇಪಕ್ಕೆ ನ್ಯೂ ಮೆಥಿಲೀನ್ ಬ್ಲೂ ಬಣ್ಣ ಹಾಕಿದ ಮೇಲೆ ಅದೇ ಗುಬಟುಗಳು ಕಡುನೀಲಿ ಚುಕ್ಕೆಗಳಾಗಿ ಎದ್ದು ನಿಂತವು. ಹೈಂಜ್ ಬಾಡಿ ಎನ್ನುತ್ತೇವೆ ಇವನ್ನು. ಹಿಮೋಗ್ಲೋಬಿನ್ ಉತ್ಕರ್ಷಣಕ್ಕೆ (ಆಕ್ಸಿಡೇಷನ್) ಸಿಕ್ಕಿ, ಹೆಪ್ಪುಗಟ್ಟಿ, ಕಣದ ಗೋಡೆಗೆ ಅಂಟಿಕೊಂಡ ಗುರುತು. ಇಷ್ಟು ಲಕ್ಷಣವಾಗಿ ಹೈಂಜ್ ಬಾಡಿ ಕಂಡರೆ ಪಶುವೈದ್ಯ ಕೇಳಬೇಕಾದ ಮುಂದಿನ ಪ್ರಶ್ನೆ ಅಡುಗೆಮನೆಯದು.

ಆ ಪ್ರಶ್ನೆಯನ್ನು ಯಜಮಾನರಿಗೆ ಕೇಳಿ ಪ್ರಯೋಜನವಿಲ್ಲ ಎಂಬುದು ನನ್ನ ಅನುಭವ. ನಾಯಿಯ ಬಟ್ಟಲಿಗೆ ಏನು ಬೀಳುತ್ತದೆ ಎಂದು ಗೊತ್ತಿರುವುದು ಬಡಿಸುವವರಿಗೆ. ಮನೆಯ ಅಮ್ಮ ಜೀಪಿನಲ್ಲೇ ಕುಳಿತಿದ್ದರು, ಒಳಗೆ ಕರೆದೆ. ಅವರಿಗೂ ಮಗನಿಗೂ ಹಿತ್ತಲಿನ ಮೇಲೆ ಅನುಮಾನವಿತ್ತು. ಟೊಮೆಟೊ ನಾಯಿಗೆ ವಿಷ ಎಂದು ಮಗ ಮೊಬೈಲ್‌ನಲ್ಲಿ ಓದಿ, ಬೇಸಿಗೆಯಲ್ಲಿ ನೆಟ್ಟು ಇನ್ನೂ ಉಳಿದಿದ್ದ ಟೊಮೆಟೊ ಗಿಡಗಳನ್ನು ಹಿಂದಿನ ಸಂಜೆಯೇ ಕಿತ್ತು ಎಸೆದಿದ್ದನಂತೆ. ಪಾಪದ ಗಿಡಗಳು.

"ಹಿತ್ತಲು ಇರಲಿ ಅಮ್ಮಾ, ನೀವು ಅವನಿಗೆ ಏನು ಬಡಿಸುತ್ತೀರಿ?" ಎಂದೆ.

"ಅನ್ನವೇ. ಮೊದಲು ಮಜ್ಜಿಗೆ ಹಾಕುತ್ತಿದ್ದೆ, ಈಗ ಒಂದು ವಾರದಿಂದ ಈರುಳ್ಳಿ ಹುರಿದು ಕಲಸುತ್ತಿದ್ದೆ. ಬಟ್ಟಲು ನೆಕ್ಕಿ ನೆಕ್ಕಿ ತಿನ್ನುತ್ತಿದ್ದ."

ನಂತರದ ವಿವರಗಳು ತಾವಾಗಿಯೇ ಹೊರಬಂದವು. ಬೇಸಿಗೆಯಲ್ಲಿ ಬೆಲೆ ಇಳಿದಾಗ ಮಳೆಗಾಲಕ್ಕೆಂದು ಒಂದು ಚೀಲ ಈರುಳ್ಳಿ ತಂದು ಅಟ್ಟದ ಮೇಲೆ ಹರವಿದ್ದರು. ಮಳೆ ಹಿಡಿಯುತ್ತಿದ್ದಂತೆ ಥಂಡಿಗೆ ಅದು ಕೊಳೆಯತೊಡಗಿತು. ಬಿಸಾಡಲು ಮನಸ್ಸಾಗದೆ ಅಮ್ಮ ಕೊಳೆತ ಪದರಗಳನ್ನು ಸುಲಿದು, ಉಳಿದ ಒಳಭಾಗವನ್ನು ಹೆಚ್ಚಿ, ಚಮಚ ಎಣ್ಣೆಯಲ್ಲಿ ಬಾಡಿಸಿ ನಾಯಿಯ ಅನ್ನಕ್ಕೆ ಸೇರಿಸಿದ್ದರು. ದಿನಕ್ಕೆ ನಾಲ್ಕು ಗೆಡ್ಡೆ. ಸುಲಿದ ಮೇಲೆ ತೂಗಿದರೆ ಅದು 250 ಗ್ರಾಂಗೆ ಕಡಿಮೆಯಿರಲಾರದು. ಬಾಣಲೆಯಲ್ಲಿ ಬಾಡಿದಾಗ ಅದೇ ಈರುಳ್ಳಿ ಒಂದು ಹಿಡಿಯಷ್ಟಾಗುತ್ತದೆ, ಹಾಗಾಗಿ ಕಣ್ಣಿಗೆ ಹೆಚ್ಚೆನಿಸುವುದೇ ಇಲ್ಲ. ಇದರ ಜೊತೆಗೆ ಬೇಸಿಗೆಯಿಂದಲೂ ದಿನವೂ ಐದಾರು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕುತ್ತಿದ್ದರು. ಬೆಳ್ಳುಳ್ಳಿ ತಿಂದ ನಾಯಿಗೆ ಉಣುಗು ಹತ್ತುವುದಿಲ್ಲ ಎಂದು ಯಾರೋ ಹೇಳಿದ್ದರಂತೆ.

ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿ ಹೂವಿನ ದಂಟು ಎಲ್ಲವೂ ಒಂದೇ ಕುಟುಂಬದವು. ಹೆಚ್ಚಿದಾಗ, ಅಗಿದಾಗ ಅವುಗಳ ಗಂಧಕದ ಸಂಯುಕ್ತಗಳು ಒಡೆದು ಹೊಸ ರೂಪ ತಾಳುತ್ತವೆ. ಕಣ್ಣಲ್ಲಿ ನೀರು ತರಿಸುವುದೂ, ಒಗ್ಗರಣೆಗೆ ಆ ಘಮ ಕೊಡುವುದೂ ಈ ಗಂಧಕವೇ. ಇವು ರಕ್ತ ಸೇರಿ ಹಿಮೋಗ್ಲೋಬಿನ್ನನ್ನು ಕೆಡಿಸುತ್ತವೆ. ಮನುಷ್ಯನ ಕೆಂಪು ಕಣ ಇದನ್ನು ತಡೆದುಕೊಳ್ಳುತ್ತದೆ. ರಕ್ಷಣೆಗೆ ಬೇಕಾದ ಕಿಣ್ವಗಳ ಬಲ ನಾಯಿಯ ಕಣದಲ್ಲಿ ಕಡಿಮೆ. ಬೇಯಿಸಿದರೆ, ಹುರಿದರೆ, ಒಣಗಿಸಿ ಪುಡಿ ಮಾಡಿದರೆ ವಿಷ ಹೋಗುವುದಿಲ್ಲ. ಇನ್ನೊಂದು ಮೋಸವೆಂದರೆ ತಿಂದ ದಿನ ಏನೂ ಆಗುವುದಿಲ್ಲ. ಕಣಗಳು ಒಡೆದು ಒಸಡು ಬಿಳಿಚುವ ಹೊತ್ತಿಗೆ ಮೂರರಿಂದ ಐದು ದಿನ ಕಳೆದಿರುತ್ತದೆ, ಅಷ್ಟರಲ್ಲಿ ಆ ಊಟ ಯಾರ ನೆನಪಿನಲ್ಲೂ ಇರುವುದಿಲ್ಲ.

ಯಜಮಾನರು ಸುಲಭಕ್ಕೆ ಒಪ್ಪುವವರಲ್ಲ. "ನಮ್ಮಲ್ಲಿ ಅಪ್ಪನ ಕಾಲದಿಂದ ನಾಯಿಗಳು ಸಾರನ್ನ ತಿಂದೇ ಬದುಕಿವೆ. ಸಾರಿನಲ್ಲಿ ಈರುಳ್ಳಿ ಇರಲಿಲ್ಲವೇ?" ಎಂದರು. ನ್ಯಾಯವಾದ ಪ್ರಶ್ನೆ. ನಾಯಿಗೆ ಈರುಳ್ಳಿಯ ನೆರಳೂ ಸೋಕಬಾರದು ಎಂದು ಹೆದರಿಸುವವರ ಬಳಿ ಇದಕ್ಕೆ ಉತ್ತರವಿರುವುದಿಲ್ಲ. ಉತ್ತರ ಇರುವುದು ಪ್ರಮಾಣದಲ್ಲಿ. ಮೈತೂಕದ ಶೇ 0.5ಕ್ಕಿಂತ ಹೆಚ್ಚು ಈರುಳ್ಳಿ ಒಮ್ಮೆಗೆ ಒಳಹೋದರೆ ವಿಷಬಾಧೆ ಕಾಣಿಸುತ್ತದೆ ಎಂಬುದು ಪಶುವೈದ್ಯರು ಬಳಸುವ ಲೆಕ್ಕ. ಕೆಂಚನ ತೂಕಕ್ಕೆ ಅದು 60 ಗ್ರಾಂ, ಒಂದು ಸಣ್ಣ ಗೆಡ್ಡೆ. ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಮುಟ್ಟಿದರೆ ರಕ್ತದಲ್ಲಿ ಗಂಭೀರ ಬದಲಾವಣೆ ಆಗುತ್ತದೆ. ಒಂದು ಸೌಟು ಸಾರಿನಲ್ಲಿ ನಾಯಿಯ ಪಾಲಿಗೆ ಬರುವ ಈರುಳ್ಳಿ ನಾಲ್ಕಾರು ಚೂರು. ಅಪ್ಪನ ಕಾಲದ ನಾಯಿ ಆ ಗೆರೆ ದಾಟಲಿಲ್ಲ. ಕೆಂಚ ಕಿಲೋಗೆ 20 ಗ್ರಾಂನಂತೆ ತಿಂದದ್ದಲ್ಲದೆ, ಕೆಟ್ಟ ಕಣಗಳ ಜಾಗಕ್ಕೆ ಹೊಸವು ಬರುವ ಮೊದಲೇ ಮರುದಿನ ಮತ್ತೆ ಅಷ್ಟನ್ನೇ ತಿಂದಿತ್ತು.

ಬೆಳ್ಳುಳ್ಳಿಯ ಪಾತ್ರ ಎಷ್ಟು? ಗ್ರಾಂ ಲೆಕ್ಕದಲ್ಲಿ ಅದು ಈರುಳ್ಳಿಗಿಂತ ತೀಕ್ಷ್ಣ. ಕಿಲೋ ತೂಕಕ್ಕೆ 5 ಗ್ರಾಂ ಬೆಳ್ಳುಳ್ಳಿಗೆ ಸಮನಾದ ರಸವನ್ನು ಏಳು ದಿನ ಕೊಟ್ಟಾಗ ನಾಯಿಗಳ ಕೆಂಪು ಕಣ ಕೆಟ್ಟದ್ದು 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಾಖಲಾಗಿದೆ. ಕೆಂಚನಿಗೆ ಸಿಗುತ್ತಿದ್ದ ಐದಾರು ಎಸಳು ಅದರ ಹತ್ತಿರಕ್ಕೂ ಬರುವುದಿಲ್ಲ. ಬೆಳ್ಳುಳ್ಳಿಯೊಂದೇ ಇದನ್ನು ಮಾಡಿರಲಾರದು. ಈರುಳ್ಳಿಯ ಹೊರೆಗೆ ಇನ್ನಷ್ಟು ಸೇರಿಸಿತು, ಅಷ್ಟೇ. ಉಣುಗಿನ ವಿಷಯದಲ್ಲಿ ಅದರ ಸಾಧನೆ ಏನೆಂಬುದು ಕೆಂಚನ ಬೆರಳ ಸಂದಿಯಲ್ಲೇ ಕಾಣುತ್ತಿತ್ತು.

ಚಿಕಿತ್ಸೆಯ ಕಥೆ ಚಿಕ್ಕದು. ತಿಂದು ಎರಡು ಗಂಟೆಯೊಳಗೆ ಬಂದಿದ್ದರೆ ವಾಂತಿ ಮಾಡಿಸಬಹುದಿತ್ತು, ಇದ್ದಿಲು ಕುಡಿಸಬಹುದಿತ್ತು. ಆ ಕಾಲ ಮೀರಿತ್ತು. ಈರುಳ್ಳಿ ವಿಷಕ್ಕೆ ಪ್ರತಿವಿಷವಿಲ್ಲ. ಒಡೆದ ಹಿಮೋಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸದಂತೆ ಡ್ರಿಪ್ ಹಾಕಿ, ಅಲುಗಾಡದೆ ಮಲಗಲು ಬಿಟ್ಟೆವು. ಇಲಿ ಜ್ವರವನ್ನು ಪೂರ್ತಿ ತಳ್ಳಿಹಾಕುವವರೆಗೆ ಅದರ ಔಷಧಿಯನ್ನೂ ಕೊಟ್ಟೆ. ಬಬೇಸಿಯಾದ ಸಣ್ಣ ಜಾತಿ ಸೂಕ್ಷ್ಮದರ್ಶಕದ ಕಣ್ಣು ತಪ್ಪಿಸಿಕೊಳ್ಳುವುದುಂಟು, ಆದ್ದರಿಂದ ಪಿಸಿಆರ್ ಪರೀಕ್ಷೆಗೆ ರಕ್ತ ಕಳುಹಿಸಿದೆ. ಮರುದಿನ ಕೆಂಪು ಕಣಗಳ ಪಾಲು ಶೇ 17ಕ್ಕೆ ಇಳಿಯಿತು. ಇನ್ನೂ ಇಳಿದರೆ ರಕ್ತ ಕೊಡಲೇಬೇಕು. ಪಕ್ಕದ ತೋಟದವರ 30 ಕಿಲೋ ತೂಗುವ ಲ್ಯಾಬ್ರಡಾರ್ ನಾಯಿಯನ್ನು ರಕ್ತದಾನಕ್ಕೆ ಗೊತ್ತು ಮಾಡಿಟ್ಟೆವು. ನಾಯಿಗಳಿಗೆ ಮೊದಲ ಬಾರಿ ಬೇರೆ ನಾಯಿಯ ರಕ್ತ ಕೊಟ್ಟಾಗ ತೀವ್ರ ಪ್ರತಿಕ್ರಿಯೆ ಆಗುವುದು ವಿರಳ, ಎರಡನೆಯ ಬಾರಿಗೆ ಮಾತ್ರ ಹೊಂದಾಣಿಕೆ ನೋಡಲೇಬೇಕು. ರಕ್ತ ಕೊಡುವ ಅಗತ್ಯವೇ ಬೀಳಲಿಲ್ಲ. ನಾಲ್ಕನೆಯ ದಿನ ಲೇಪದಲ್ಲಿ ಎಳೆಯ ಕೆಂಪು ಕಣಗಳು ಕಾಣಿಸಿಕೊಂಡವು, ಮೂತ್ರ ತಿಳಿಯಾಯಿತು, ಕೆಂಚ ಗಂಜಿ ಕುಡಿಯಿತು. ಪಿಸಿಆರ್ ವರದಿಯಲ್ಲಿ ಬಬೇಸಿಯಾ ಇರಲಿಲ್ಲ. ಮೂರು ವಾರದ ನಂತರ ನೋಡಿದಾಗ ಕಣಗಳ ಪಾಲು ಶೇ 36.

ಈ ನಡುವೆ ಮನೆಯಲ್ಲಿ ತರಕಾರಿ ಎಂದರೇ ಭಯ ಹುಟ್ಟಿತ್ತು. ಕೆಂಚನಿಗೆ ಬರೀ ಅನ್ನ, ಹಾಲು. ಅದೂ ಸರಿಯಲ್ಲ. ಆ ಕಡೆ ಹಸುವೊಂದಕ್ಕೆ ಕೆಚ್ಚಲು ಬಾವು ಎಂದು ಹೋಗಿದ್ದಾಗ ಅಮ್ಮ ಹಿತ್ತಲಿಗೆ ಕರೆದೊಯ್ದರು. ಒಂದೊಂದೇ ಗಿಡ ತೋರಿಸಿ ಇದು ಆದೀತೇ, ಇದು ಆದೀತೇ ಎಂದು ಕೇಳಿದರು.

ಸೌತೆ, ಸಿಹಿಗುಂಬಳ, ಹೀರೆ, ಬೆಂಡೆ ಎಲ್ಲವೂ ಆದೀತು. ಕುಂಬಳವನ್ನು ಉಪ್ಪು ಖಾರವಿಲ್ಲದೆ ಬೇಯಿಸಿ ಅನ್ನಕ್ಕೆ ಕಿವುಚಿದರೆ ಕೆಲವು ನಾಯಿಗಳಿಗೆ ಬಹಳ ಇಷ್ಟ, ಮಲವೂ ಸಲೀಸು. ಸೋರೆ ಮತ್ತು ಸೌತೆಯಲ್ಲಿ ಕಹಿ ಬಂದ ಕಾಯಿ ಮಾತ್ರ ಯಾರಿಗೂ ಬೇಡ. ಆ ಕಹಿಯ ಅಂಶ ಮನುಷ್ಯರನ್ನೇ ಆಸ್ಪತ್ರೆಗೆ ಸೇರಿಸಿದ್ದುಂಟು. ಅಲಸಂದೆ, ಹುರುಳಿಕಾಯಿ ಬೇಯಿಸಿದ್ದಾದರೆ ಸರಿ. ಒಣಗಿದ ಕಾಳನ್ನು ಬೇಯಿಸದೆ ಕೊಡುವುದು ಬೇಡ.

ಟೊಮೆಟೊ ವಿಷಯಕ್ಕೆ ಮಗ ತಲೆ ತಗ್ಗಿಸಿ ನಿಂತಿದ್ದ. ಅವನು ಓದಿದ್ದು ಪೂರ್ತಿ ಸುಳ್ಳಲ್ಲ. ಟೊಮೆಟೊದ ಎಲೆ, ದಂಟು, ಹಸಿರು ಕಾಯಿಗಳಲ್ಲಿ ಹೊಟ್ಟೆ ಕೆಡಿಸುವ ಅಂಶವಿದೆ. ಕೆಂಪಗೆ ಹಣ್ಣಾದ ಮೇಲೆ ಅದು ಬಹಳ ಇಳಿಯುತ್ತದೆ. ಬಿದ್ದ ಹಣ್ಣೊಂದನ್ನು ನಾಯಿ ತಿಂದರೆ ಗಾಬರಿಯಾಗಬೇಕಿಲ್ಲ. ಆಲೂಗಡ್ಡೆಯದೂ ಅದೇ ಜಾತಿ: ಬೇಯಿಸಿದ್ದು ಸರಿ, ಹಸಿರು ತಿರುಗಿದ್ದು, ಮೊಳಕೆ ಬಂದದ್ದು ಬೇಡ. ಯಾವ ತರಕಾರಿ ಎಂದು ಕೇಳಿದರೆ ಅರ್ಧ ಪ್ರಶ್ನೆ ಕೇಳಿದಂತೆ. ಅದರ ಯಾವ ಭಾಗ, ಎಷ್ಟು, ಯಾವುದರ ಜೊತೆ ಬೆಂದದ್ದು, ಇವಿಷ್ಟೂ ಸೇರಬೇಕು. ಮೊಬೈಲ್‌ನಲ್ಲಿ ಓಡಾಡುವ ಪಟ್ಟಿಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಟೊಮೆಟೊ, ಈರುಳ್ಳಿ ಎರಡರ ಮುಂದೆಯೂ ಒಂದೇ ಅಳತೆಯ ಕೆಂಪು ಗುರುತು ಹಾಕಿರುತ್ತಾರೆ, ಜನ ಟೊಮೆಟೊ ಗಿಡ ಕೀಳುತ್ತಾರೆ.

ಬಸಳೆ, ಹರಿವೆ ಸ್ವಲ್ಪ ಬೇಯಿಸಿ ಹಾಕಬಹುದು. ಮೂತ್ರಕೋಶದಲ್ಲಿ ಕಲ್ಲಾಗಿದ್ದ ನಾಯಿಗೆ ಮಾತ್ರ ಬೇಡ, ಅವುಗಳಲ್ಲಿ ಆಕ್ಸಲೇಟ್ ಹೆಚ್ಚು. ಕೆಸುವಿನ ಸಾಲಿನ ಮುಂದೆ ಅಮ್ಮನೇ "ಇದು ನಮಗೇ ತುರಿಸುತ್ತದೆ" ಎಂದರು. ಸರಿಯಾಗಿಯೇ ಹೇಳಿದರು. ಪತ್ರೊಡೆಗೆ ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಆ ತುರಿಕೆಗೆ ಹೆದರಿಯೇ. ಹಸಿ ಕೆಸು, ಹಸಿ ಸುವರ್ಣಗೆಡ್ಡೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿದ್ದು, ನಾಯಿ ಕಚ್ಚಿದರೆ ನಾಲಿಗೆ, ತುಟಿ ಊದಿ ಜೊಲ್ಲು ಸುರಿಯುತ್ತದೆ. ನೋಡುವವರಿಗೆ ಹುಚ್ಚುನಾಯಿಯ ಭಯ ಹುಟ್ಟಿಸುವ ದೃಶ್ಯ ಅದು. ಹೆಚ್ಚಿನ ನಾಯಿಗಳು ಎರಡನೆಯ ಬಾರಿ ಬಾಯಿ ಹಾಕುವುದಿಲ್ಲ. ಬಾಯಿ ತೊಳೆದು ಸ್ವಲ್ಪ ಮೊಸರು ನೆಕ್ಕಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ, ಉಸಿರಾಟಕ್ಕೆ ಅಡ್ಡಿಯಾದರೆ ಮಾತ್ರ ಓಡಬೇಕು.

ಹಲಸಿನ ತೊಳೆ ಒಂದೆರಡು ಆದೀತು. ಅದರ ಬೀಜ, ಮಾವಿನ ಗೊರಟು, ಮೆಕ್ಕೆಜೋಳದ ದಿಂಡು ಇವು ವಿಷವಲ್ಲದಿದ್ದರೂ ಕರುಳಿಗೆ ಅಡ್ಡ ಕೂತು ಹೊಟ್ಟೆ ಕೊಯ್ಯಿಸುತ್ತವೆ.

ಹಿತ್ತಲಿನಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಗಿಡವಲ್ಲ, ಬಚ್ಚಲು ಮಾಡಿನ ಕೆಳಗಿದ್ದ ಎರಡು ಚೀಲಗಳು. ಒಂದು ಬಸವನಹುಳುವಿಗೆ ಹಾಕುವ ಗುಳಿಗೆ. ಅದರ ಮೆಟಾಲ್ಡಿಹೈಡ್ ನಾಯಿಗೆ ಉಗ್ರ ವಿಷ. ಗುಳಿಗೆಯಲ್ಲಿ ತೌಡಿನಂಥ ತಿನಿಸು ಸೇರಿರುವುದರಿಂದ ನಾಯಿ ತಾನಾಗಿಯೇ ಹುಡುಕಿಕೊಂಡು ತಿನ್ನುತ್ತದೆ. ತಿಂದ ಕೆಲವೇ ಗಂಟೆಗಳಲ್ಲಿ ನಡುಕ, ಸೆಟೆತ, ಏರುವ ಮೈಬಿಸಿ. ಈರುಳ್ಳಿಯಂತೆ ದಿನಗಟ್ಟಲೆ ಅವಕಾಶ ಕೊಡುವುದಿಲ್ಲ. ಇನ್ನೊಂದು ಹರಳು ಹಿಂಡಿ. ಗೊಬ್ಬರಕ್ಕೆ ಒಳ್ಳೆಯದು, ಆದರೆ ಎಣ್ಣೆ ತೆಗೆದ ಮೇಲೆ ಹರಳಿನ ವಿಷ ಉಳಿಯುವುದು ಹಿಂಡಿಯಲ್ಲೇ. ಎರಡನ್ನೂ ಮುಚ್ಚಳದ ಡ್ರಮ್ಮಿಗೆ ಹಾಕಿಸಿ ಉಪ್ಪರಿಗೆಗೆ ಏರಿಸಿದ ಮೇಲೆಯೇ ನಾನು ಕಾಫಿ ಕುಡಿದದ್ದು. ಕಾಫಿಯ ಜೊತೆ ಬಂದ ಮಾತಿನಲ್ಲಿ ಹಬ್ಬದ ಪಾಯಸವೂ ಸೇರಿತು. ಒಣದ್ರಾಕ್ಷಿ, ದ್ರಾಕ್ಷಿ ಎರಡೂ ಕೆಲವು ನಾಯಿಗಳ ಮೂತ್ರಪಿಂಡವನ್ನು ದಿನಗಳಲ್ಲಿ ಕೆಡಿಸುತ್ತವೆ, ಯಾವ ನಾಯಿಗೆ ಎಷ್ಟಕ್ಕೆ ಎಂದು ಮೊದಲೇ ಹೇಳಲಾಗುವುದಿಲ್ಲ. ಈರುಳ್ಳಿ ಮುಟ್ಟದ ಮನೆಗಳ ನಾಯಿಗಳಿಗೂ ಈ ಅಪಾಯ ತಪ್ಪಿದ್ದಲ್ಲ. ಎಲೆ ತೆಗೆದ ಮೇಲೆ ಉಳಿದ ಪಾಯಸ ಹೋಗುವುದು ಎಲ್ಲಿಗೆ ಎಂಬುದು ಎಲ್ಲರಿಗೂ ಗೊತ್ತು.

ಬೆಳ್ಳುಳ್ಳಿ ನಿಂತಿತು, ಉಣುಗು ಇದ್ದೇ ಇತ್ತು. ಬೆರಳ ಸಂದಿಯವನ್ನು ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು, ಬರಿಗೈಯಲ್ಲಿ ಹಿಸುಕಬಾರದು. ಮುಂದಕ್ಕೆ ಬಾಯಿಯಿಂದ ಕೊಡುವ ಉಣುಗಿನ ಮಾತ್ರೆ ಬರೆದುಕೊಟ್ಟೆ. ಕೆಲವನ್ನು ತಿಂಗಳಿಗೊಮ್ಮೆ, ಕೆಲವನ್ನು ಮೂರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ಅಗ್ಗದ್ದೆಂದು ಯಜಮಾನರು ಕೇಳಿದ್ದು ಬೆನ್ನ ಮೇಲೆ ಹನಿಸುವ ಪರ್ಮೆಥ್ರಿನ್ ಔಷಧಿಯನ್ನು. ಕೊಡಲಿಲ್ಲ, ಏಕೆಂದರೆ ಆ ಮನೆಯಲ್ಲಿ ಬೆಕ್ಕಿದೆ, ಅದು ಮಲಗುವುದು ಕೆಂಚನಿಗೆ ಒರಗಿಕೊಂಡು. ನಾಯಿಗೆ ಹಾಕುವ ಪ್ರಮಾಣದ ಪರ್ಮೆಥ್ರಿನ್ ಬೆಕ್ಕಿಗೆ ತಗುಲಿದರೆ ನಡುಕ ಹಿಡಿದು ಸಾಯಬಹುದು. ಈರುಳ್ಳಿಯೂ ಬೆಕ್ಕಿಗೆ ನಾಯಿಗಿಂತ ಬೇಗ ಏರುತ್ತದೆ, ಕಿಲೋ ತೂಕಕ್ಕೆ 5 ಗ್ರಾಂ ಸಾಕು. ಆ ವಾರ ಕೆಂಚನ ಬಟ್ಟಲಿಗೆ ಬೆಕ್ಕೂ ಬಾಯಿ ಹಾಕಿತ್ತೇ ಎಂದು ಕೇಳಿದೆ. "ಮೂಸಿ ನೋಡಿ ಮುಖ ತಿರುಗಿಸಿತು. ಅದಕ್ಕೆ ಮೀನಿನ ನೀರೇ ಆಗಬೇಕು" ಎಂದರು ಅಮ್ಮ. ಆದರೂ ಹಿಡಿದು ತುಟಿ ಎತ್ತಿ ನೋಡಿದೆ. ಒಸಡು ಗುಲಾಬಿ ಬಣ್ಣಕ್ಕಿತ್ತು. ನನ್ನ ಕೈಯನ್ನು ಪರಚಿ ಅಟ್ಟ ಹತ್ತಿತು.